ರಕ್ಷಣಾ ಬಜೆಟ್ ಚರ್ಚೆಗೆ ಮುನ್ನ ಓದಿ

ಸದಸ್ಯರೆಲ್ಲರಿಗೂ ನಮಸ್ಕಾರ. ಸೇನೆಗೆ ಇಷ್ಟೊಂದು ದುಡ್ಡು ಯಾಕೆ ಎಂದು ಕೇಳುವ ಮೊದಲು ಲೆಕ್ಕ ಬಿಡಿಸಿ ನೋಡಿ. 2025-26ರಲ್ಲಿ ಕೇಂದ್ರ ರಕ್ಷಣೆಗೆ ಇಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ. ಬಂಡವಾಳ ವೆಚ್ಚಕ್ಕೆ, ಅಂದರೆ ವಿಮಾನ, ಹಡಗು, ಫಿರಂಗಿಯಂಥ ಹೊಸ ಖರೀದಿ, ನಿರ್ಮಾಣ, ಸಂಶೋಧನೆ ಎಲ್ಲ ಸೇರಿ ಸಿಕ್ಕಿದ್ದು 1.80 ಲಕ್ಷ ಕೋಟಿ. ಉಳಿದದ್ದರಲ್ಲಿ ಬಹುಪಾಲು ಸಂಬಳ, ಪಡಿತರ, ಇಂಧನ, ದುರಸ್ತಿಗೆ ಹೋಗುತ್ತದೆ.

ಯುದ್ಧ ಶುರುವಾದ ಮೇಲೆ ಹಣ ಸುರಿದರೆ ಆಯುಧ ಮರುದಿನ ಬರುವುದಿಲ್ಲ. ಬೆಂಗಳೂರಿನ ಎಚ್‌ಎಎಲ್‌ಗೆ 83 ತೇಜಸ್ ಯುದ್ಧವಿಮಾನಗಳ ಆರ್ಡರ್ ಸಿಕ್ಕಿದ್ದು 2021ರಲ್ಲಿ. 2024ರಲ್ಲಿ ಪೂರೈಕೆ ಶುರುವಾಗಬೇಕಿತ್ತು. ಅಮೆರಿಕದಿಂದ ಎಂಜಿನ್ ಬರುವುದು ತಡವಾಗಿ ಅದೂ ಹಿಂದೆ ಬಿತ್ತು. ಸ್ವಂತ ಎಂಜಿನ್‌ಗೆ ದಶಕಗಟ್ಟಲೆ ಬಿಡದೆ ಹಣ ಹಾಕಬೇಕು ಎನ್ನುವುದು ಇದಕ್ಕೇ. ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್ (ವಿಮಾನಗಳ ತುಕಡಿ) 42. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದಾಗ ಉಳಿದದ್ದು 29.

1962ರ ಚೀನಾ ಯುದ್ಧದಲ್ಲಿ ನಮ್ಮ ಯೋಧರು ಹಿಮಾಲಯದ ಚಳಿಗೆ ತಕ್ಕ ಬಟ್ಟೆಯಿಲ್ಲದೆ, ಹಳೆಯ .303 ರೈಫಲ್ ಹಿಡಿದು ಹೋರಾಡಿದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗುಂಪಿನಲ್ಲಿ ಅಂಕಿ ಹಾಕುವವರು ಒಟ್ಟು ಮೊತ್ತದ ಜೊತೆ ಬಂಡವಾಳ ವೆಚ್ಚವನ್ನೂ ತಪ್ಪದೆ ಬರೆಯಿರಿ.