ಕಾಕಂಬಿಯಿಂದ ಅಂಟು ತೆಗೆಯುವ ಮುನ್ನ

ಬಾಗಲಕೋಟೆ

ಚಿ. ಸುಮಾಗೆ ಮಾಮಾನ ಆಶೀರ್ವಾದಗಳು.

ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಕ್ಸಾಂಥನ್ ಎಂಬ ಅಂಟು ತೆಗೆಯುವ ಕೆಲಸ ಹಿಡಿದಿದ್ದಿ, ಛಲೋ ಆತು. ಮುಧೋಳ, ಜಮಖಂಡಿ ಕಡೆ ಕಾಕಂಬಿಗೇನು ಬರ? ಆದರೆ ಬ್ಯಾಕ್ಟೀರಿಯಾ ಬೆಳೆಯುವುದು ಬೇರೆ, ಅಂಟು ಕಟ್ಟುವುದು ಬೇರೆ. ಸಾರಜನಕ ಧಾರಾಳವಾದರೆ ಈ ಅಂಟು ಕಟ್ಟುವ ಬ್ಯಾಕ್ಟೀರಿಯಾ ಕ್ಸಾಂಥೋಮೋನಾಸ್ ಸಕ್ಕರೆಯನ್ನು ತನ್ನ ಮೈಗೇ ಹಾಕಿಕೊಳ್ಳುತ್ತದೆ. ಸಾರಜನಕ ತೀರಿ ಸಕ್ಕರೆ ಉಳಿದಾಗ ಅಂಟು ಚೆನ್ನಾಗಿ ಬರುತ್ತದೆ. ಲೀಟರಿಗೆ 30 ಗ್ರಾಂ ಸಕ್ಕರೆ ಇಟ್ಟು, ಸಾರಜನಕ ಕೊಡುವ ಯೀಸ್ಟ್ ಎಕ್ಸ್‌ಟ್ರ್ಯಾಕ್ಟನ್ನು 1ರಿಂದ 3 ಗ್ರಾಂ ಒಳಗೆ ಬದಲಿಸಿ ನೋಡು. ಕಾಕಂಬಿಯ ತೂಕದಲ್ಲಿ ಸುಮಾರು ಅರ್ಧ ಸಕ್ಕರೆ, ಆದರೂ ಪ್ರತಿ ಡಬ್ಬಿಯನ್ನೂ ಪರೀಕ್ಷಿಸಿಯೇ ಹಾಕು. ಫಾಸ್ಫೇಟನ್ನು ಬೇರೆಯಾಗಿ ಆಟೋಕ್ಲೇವ್ ಮಾಡು, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿಶುದ್ಧಿ ಮಾಡು. ಕೂಡಿಸಿ ಕಾಯಿಸಿದರೆ ಕಾಕಂಬಿಯ ಕ್ಯಾಲ್ಸಿಯಂ ಜೊತೆ ಸೇರಿ ಗಸಿ ಕಟ್ಟುತ್ತದೆ.

ಎಲ್ಲರೂ ಎಡವುವುದು ಗಾಳಿಯಲ್ಲಿ. ಅಂಟು ಹೆಚ್ಚಿದಂತೆ ದ್ರವ ದಪ್ಪವಾಗಿ, ಆಮ್ಲಜನಕ ಒಳಗೆ ಇಳಿಯುವುದಿಲ್ಲ. ಆಮ್ಲಜನಕವಿಲ್ಲದೆ ಅಂಟೂ ನಿಲ್ಲುತ್ತದೆ. 250 ಮಿಲಿ ಫ್ಲಾಸ್ಕಿಗೆ 50 ಮಿಲಿಗಿಂತ ಹೆಚ್ಚು ಹಾಕಬ್ಯಾಡ. ಫ್ಲಾಸ್ಕು ಅಲ್ಲಾಡಿಸುವ ಶೇಕರ್ ನಿಮಿಷಕ್ಕೆ 200 ಸುತ್ತಿನಲ್ಲಿರಲಿ. ನಡುರಾತ್ರಿ ಕರೆಂಟು ಹೋಗಿ ಶೇಕರ್ ನಿಂತರೆ ಆ ಸಲದ ಫ್ಲಾಸ್ಕುಗಳ ಅಂಕಿಗಳನ್ನು ಲೆಕ್ಕಕ್ಕೆ ಸೇರಿಸಬ್ಯಾಡ.

ಉಷ್ಣಾಂಶ 28ರಿಂದ 30 ಡಿಗ್ರಿ. ತಂಪುಗೊಳಿಸುವ ಯಂತ್ರವಿಲ್ಲದ ಶೇಕರ್ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಯಲಾರದು, ನಮ್ಮ ಏಪ್ರಿಲ್-ಮೇ ಬಿಸಿಲು ಗೊತ್ತೇ ಇದೆಯಲ್ಲ. ಪಿಎಚ್ 7ರಿಂದ ಶುರುಮಾಡು. ಅಂಟೇ ಆಮ್ಲಗುಣದ್ದು, ಹಾಗಾಗಿ ಪಿಎಚ್ ಜಾರುತ್ತದೆ. ಲೀಟರಿಗೆ 5 ಗ್ರಾಂ ಡೈಪೊಟ್ಯಾಸಿಯಂ ಫಾಸ್ಫೇಟ್ ಅದನ್ನು ಸ್ವಲ್ಪ ತಡೆಯುತ್ತದೆ.

ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಹಳದಿ, ಹೊಳೆಯುವ, ಲೋಳೆಲೋಳೆ ಕಾಲೊನಿಯನ್ನೇ (ಬ್ಯಾಕ್ಟೀರಿಯಾ ಗುಂಪನ್ನೇ) ಆರಿಸು. ಮತ್ತೆಮತ್ತೆ ಮರುನೆಟ್ಟ ತಳಿಯಲ್ಲಿ ಸಣ್ಣ, ಒಣ ಕಾಲೊನಿಗಳು ಬರುತ್ತವೆ. ಅವು ಅಂಟು ಕಡಿಮೆ ಕೊಡುತ್ತವೆ. ಮೊದಲ ದಿನವೇ ತಳಿಯನ್ನು ಗ್ಲಿಸರಾಲ್‌ನಲ್ಲಿ ಆಳ ಶೀತಕ್ಕೆ ಇಟ್ಟುಬಿಡು.

ಒಂದೊಂದೇ ಅಂಶ ಬದಲಿಸುತ್ತ ಕೂಡಬ್ಯಾಡ. ಗಾಳಿ ಬದಲಾದರೆ ಸಾರಜನಕದ ಸರಿಯಾದ ಮಟ್ಟವೂ ಬದಲಾಗುತ್ತದೆ. ಕೆಲವೇ ಪ್ರಯೋಗದಲ್ಲಿ ಹಲವು ಅಂಶ ಜರಡಿ ಹಿಡಿಯುವ ವಿನ್ಯಾಸವಾದ ಪ್ಲಾಕೆಟ್-ಬರ್ಮನ್‌ನಲ್ಲಿ ಮುಖ್ಯವಾದ ಮೂರು ಅಂಶ ಸೋಸಿ, ಆಮೇಲೆ ಆ ಮೂರರ ಸರಿಯಾದ ಮಟ್ಟ ಹುಡುಕುವ ಸೆಂಟ್ರಲ್ ಕಾಂಪೋಸಿಟ್ ವಿನ್ಯಾಸಕ್ಕೆ ಹೋಗು.

ಅಂಟು ಬಿಡಿಸುವಾಗ ದ್ರವವನ್ನು ನೀರಿನಿಂದ ತೆಳು ಮಾಡಿಯೇ, ಜೋರಾಗಿ ತಿರುಗಿಸಿ ಕೋಶ ಬೇರ್ಪಡಿಸುವ ಸೆಂಟ್ರಿಫ್ಯೂಜ್‌ಗೆ ಇಡು. ಇಲ್ಲದಿದ್ದರೆ ಕೋಶಗಳು ಕೆಳಗೆ ಕೂಡುವುದಿಲ್ಲ. ಮೇಲಿನ ತಿಳಿಗೆ ಮೂರು ಪಾಲು ಐಸೊಪ್ರೊಪನಾಲ್ ಎಂಬ ಆಲ್ಕೊಹಾಲು, ಚೂರು ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ಗಂಟನ್ನು ತೂಕ ಸ್ಥಿರವಾಗುವವರೆಗೆ ಒಣಗಿಸು. ಕಾಕಂಬಿಯ ಲವಣ, ಪ್ರೋಟೀನುಗಳೂ ಆಲ್ಕೊಹಾಲಿನಲ್ಲಿ ಬೀಳುತ್ತವೆ, ಅದಕ್ಕೆ ಬ್ಯಾಕ್ಟೀರಿಯಾ ಹಾಕದ ಮಾಧ್ಯಮಕ್ಕೂ ಇದನ್ನೇ ಮಾಡಿ ಆ ತೂಕ ಕಳೆ. ಮುಂದಿನ ಪತ್ರದಲ್ಲಿ ಎರಡೂ ಅಂಕಿಗಳನ್ನು ಬರೆದು ಕಳಿಸು.

ನಿನ್ನ ಮಾಮಾ