ಒದ್ದೆಯಾದ ಕಟ್ಟುಗಳು ಉಳಿದವು: ನೆರವಾದವರಿಗೆಲ್ಲ ವಂದನೆ

ಏಕೀಕರಣ ಕಾಲದ ಕಾಗದಪತ್ರಗಳ ನಮ್ಮ ಪ್ರದರ್ಶನ ಮುಗಿಯಿತು. ಹಿಂಗಾರು ಮಳೆಗೆ ಧಾರವಾಡದ ಆ ಸಭಾಂಗಣದ ಸೂರು ಸೋರಿ ಕಾಗದದ ಕಟ್ಟುಗಳು ನೆನೆದದ್ದು ಬಂದವರಿಗೂ ಫೋನ್ ಮಾಡಿ ವಿಚಾರಿಸಿದವರಿಗೂ ಗೊತ್ತೇ ಇದೆ, ಅದರ ವಿವರ ಮತ್ತೆ ಬರೆಯುವುದಿಲ್ಲ. ಯಾರಿಂದ ಏನು ಉಳಿಯಿತು ಎಂಬುದನ್ನು ಮಾತ್ರ ಹೇಳಬೇಕು.

ಮೊದಲು ಅಕ್ಕೋರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ದಾಖಲೆ ಸಂರಕ್ಷಣೆಯ ಕೆಲಸದಿಂದ ನಿವೃತ್ತರಾದವರು. ಆ ರಾತ್ರಿ ಬಂದವರು ಬೆಳಗಾಗುವ ತನಕ ಕದಲಲಿಲ್ಲ. "ಯಾರೂ ಹಾಳಿ ಬಿಡಿಸಬ್ಯಾಡ್ರಿ. ಕಟ್ಟು ಹೆಂಗೈತಿ ಹಂಗ ಎತ್ರಿ" ಎನ್ನುತ್ತಲೇ ಒಳಗೆ ಕಾಲಿಟ್ಟರು. ನೆನೆದ ಕಾಗದಕ್ಕೆ ತನ್ನ ಭಾರವನ್ನೇ ತಡೆಯುವ ಶಕ್ತಿ ಇರುವುದಿಲ್ಲ, ಅಂಚು ಹಿಡಿದು ಎತ್ತಿದರೆ ಅಂಚಷ್ಟೇ ಕೈಗೆ ಬರುತ್ತದೆ. ಅದಕ್ಕೇ ಪಾಲಿಯೆಸ್ಟರ್ ಹಾಳೆಯನ್ನು ಕಟ್ಟಿನ ಅಡಿಗೆ ಮೆಲ್ಲಗೆ ಸರಿಸಿ, ಅದರ ಸಮೇತ ಎತ್ತಿಸಿದರು.

ವಿಂಗಡಣೆಯನ್ನು ಅವರು ಶಾಯಿ ನೋಡಿ ಮಾಡಿದರು. ಟೈಪ್‌ರೈಟರಿನ ಕಾರ್ಬನ್ ಪ್ರತಿ ನೀರಿಗೆ ಅಷ್ಟಾಗಿ ಕದಡುವುದಿಲ್ಲ, ಅದು ಕಾಯಬಹುದು. ನೀರು ತಾಗಿದರೆ ಶಾಯಿಯಂತಾಗುವ ನೇರಳೆ ಕಾಪಿಯಿಂಗ್ ಪೆನ್ಸಿಲ್, ರಬ್ಬರ್ ಸ್ಟ್ಯಾಂಪಿನ ಮಸಿ, ತೊಳೆದರೆ ಹೋಗುವ ನೀಲಿ ಶಾಯಿ ಮಾತ್ರ ಕಾಯುವುದಿಲ್ಲ. 1950ರ ದಶಕದ ಮನವಿಪತ್ರಗಳಲ್ಲಿ ಒಕ್ಕಣೆಗೆ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು, ಸಹಿ ಮತ್ತು ಮುದ್ರೆಗೆ ಸಿಗದು. ಹರಡುವುದು ಅವೇ.

ಬಿಡಿ ಹಾಳೆಗಳನ್ನು ಎರಡು ಕಡೆಯೂ ನಾನ್‌ವೋವನ್ (ನೇಯದೆ ಮಾಡಿದ) ಬಟ್ಟೆ, ಅದರಾಚೆ ಬ್ಲಾಟಿಂಗ್ ಪೇಪರ್ ಇಟ್ಟು ಒಣಗಿಸಿದರು. ಬ್ಲಾಟಿಂಗ್ ಒದ್ದೆಯಾದಂತೆಲ್ಲ ಬದಲಿಸುತ್ತಲೇ ಇರಬೇಕು. ಅಗ್ಗವೆಂದು ದಿನಪತ್ರಿಕೆ ಹಾಸಿದರೆ ಅದರ ಮಸಿ ದಾಖಲೆಗೆ ಹತ್ತುತ್ತದೆ. ಫ್ಯಾನಿನ ಗಾಳಿ ಕಾಗದದ ಮೇಲೆ ನೇರ ಬೀಸದ ಹಾಗೆ ಮುಖ ಮೇಲಕ್ಕೆ ತಿರುಗಿಸಿದರು. ಯಾರೋ ತಂದ ಹೇರ್ ಡ್ರೈಯರನ್ನು ಹೊರಗೇ ಇಡಿಸಿದರು: ಒಂದು ಮಗ್ಗುಲು ಬೇಗ ಒಣಗಿದರೆ ಹಾಳೆ ಸೊಟ್ಟಗಾಗುತ್ತದೆ.

ನಡುರಾತ್ರಿ ಒಂದು ಮನವಿಯ ಸಹಿಗಳು ಕಣ್ಣೆದುರೇ ನೇರಳೆ ಕಲೆಗಳಾಗಿ ಹರಡಿದವು. ನಮ್ಮಲ್ಲಿ ಕೆಲವರು ಅತ್ತರು. ಕೆಲವು ಮನೆಗಳಲ್ಲಿ ಅಜ್ಜನ ಕೈಬರಹ ಎಂದು ಉಳಿದಿದ್ದದ್ದು ಅದೊಂದೇ. "ಅದು ಹೋತು. ಮುಂದಿಂದು ನೋಡ್ರಿ" ಎಂದು ಅಕ್ಕೋರು ಒಣ ಬ್ಲಾಟಿಂಗ್ ಕಟ್ಟನ್ನು ಮುಂದೆ ಸರಿಸಿದರು.

ಒದ್ದೆ ಕಾಗದಕ್ಕೆ ಸುಮಾರು 48 ಗಂಟೆಯೊಳಗೆ ಬೂಷ್ಟು ಹಿಡಿಯತೊಡಗುತ್ತದೆ. ಅಷ್ಟರಲ್ಲಿ ಎಲ್ಲವೂ ಒಣಗುವಂತಿರಲಿಲ್ಲ. ಆಗ ಅವರು ಸೂಚಿಸಿದ ದಾರಿ ಐಸ್‌ಕ್ರೀಮ್ ಫ್ರೀಜರ್. ಕಟ್ಟುಗಳಿಗೆ ಬಟರ್ ಪೇಪರ್ ಸುತ್ತಿ, ಚೀಟಿ ಹಚ್ಚಿ, ಮೈನಸ್ 18 ಡಿಗ್ರಿಗಿಂತ ಕೆಳಗೆ ಇಟ್ಟರೆ ಬೂಷ್ಟು ಬೆಳೆಯುವುದಿಲ್ಲ, ಶಾಯಿಯೂ ಇದ್ದಲ್ಲೇ ನಿಲ್ಲುತ್ತದೆ. ಆಮೇಲೆ ಒಂದೊಂದಾಗಿ ತೆಗೆದು ಒಣಗಿಸಬಹುದು. ಫ್ರೀಜರ್ ಬಿಟ್ಟುಕೊಟ್ಟ ಅಂಗಡಿಯವರಿಗೆ, ಮೋಡಿ ಲಿಪಿಯ (ಮರಾಠಿಯ ಹಳೇ ಕೂಡುಬರಹದ) ಮುಂಬಯಿ ಪ್ರಾಂತದ ಕಾಗದಗಳನ್ನೂ ಹೈದರಾಬಾದ್ ಕಾಲದ ಉರ್ದು ಕಾಗದಗಳನ್ನೂ ಓದಿಕೊಟ್ಟ ಇಬ್ಬರು ಹಿರಿಯರಿಗೆ, ಚಹಾ ಕಾಸಿದ, ಜನರೇಟರ್ ತಂದ, ಕಾವಲಿದ್ದ ಎಲ್ಲರಿಗೂ ನಮಸ್ಕಾರ.

ಪ್ರದರ್ಶನದ ಪೆಟ್ಟಿಗೆ ಮಾಡಿದವರಿಗೆ ಒಂದು ಮಾತು ಹೆಚ್ಚು. ಪ್ಲೈವುಡ್ಡಿನಿಂದ ಹೊರಡುವ ಆಮ್ಲದ ಆವಿ ಹಳೇ ಕಾಗದವನ್ನು ತಿನ್ನುತ್ತದೆ ಎಂದಾಗ ಅವರು ವಾದಿಸದೆ ಪೌಡರ್ ಕೋಟಿಂಗಿನ ಕಬ್ಬಿಣ ಮತ್ತು ಅಕ್ರಿಲಿಕ್‌ಗೆ ಒಪ್ಪಿದರು. ವಿನೆಗರ್ ವಾಸನೆಯ ಸಿಲಿಕೋನ್ ಬಿಟ್ಟು ನ್ಯೂಟ್ರಲ್ ಸಿಲಿಕೋನನ್ನು ತಾವೇ ಹುಡುಕಿ ತಂದರು.

ಕಾನೂನು ತಿಳಿಸಿಕೊಟ್ಟ ವಕೀಲರಿಗೂ ಋಣಿಗಳು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರ ಸರಕಾರ ಮತ್ತು ಕೇಂದ್ರಾಡಳಿತ ಪ್ರದೇಶಗಳ ದಾಖಲೆಗಳಿಗೆ ಅನ್ವಯ. ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಳ್ಳಬೇಕು, ಕರ್ನಾಟಕದ್ದು 2010ರದು. ಕೇಂದ್ರದ ಕಾಯ್ದೆಯ ಪ್ರಕಾರ 1892ಕ್ಕೂ ಹಿಂದಿನ ದಾಖಲೆಯನ್ನು, ಯಾವ ಉಪಯೋಗಕ್ಕೂ ಬಾರದಷ್ಟು ಕೆಟ್ಟಿದ್ದರೆ ಹೊರತು, ನಾಶಮಾಡುವಂತಿಲ್ಲ. ಅದರಲ್ಲಿ ಸಂರಕ್ಷಣೆ ಮತ್ತು ಪ್ರದರ್ಶನ ಎರಡೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿವೆ. ನಿಜದಲ್ಲಿ ಅವೆರಡಕ್ಕೂ ದಿನಾ ಜಗಳ. ಕಾಗದಕ್ಕೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು ಎಂಬುದು ರೂಢಿಯ ಮಿತಿ. ದಿನಕ್ಕೆ 8 ಗಂಟೆಯಂತೆ 90 ದಿನ ಇಟ್ಟರೆ 36,000 ಲಕ್ಸ್-ಗಂಟೆ ಆಗುತ್ತದೆ. ಹೀಗೆ ಮಾಸಿದ ಬಣ್ಣ ಕತ್ತಲಲ್ಲಿಟ್ಟರೂ ಮರಳುವುದಿಲ್ಲ. ಆದ್ದರಿಂದ ಪ್ರದರ್ಶಿಸಬೇಕು ಎಂದು ಬರೆಯುವ ಯಾವ ಕಾನೂನಾದರೂ ಎಷ್ಟು ಬೆಳಕು, ಎಷ್ಟು ತಿಂಗಳು, ಯಾರ ಹೊಣೆ ಎಂಬುದನ್ನೂ ನಿಯಮಗಳಲ್ಲಿ ಹೇಳಬೇಕು. ಸಂವಿಧಾನದ ಮೂಲ ಹಸ್ತಪ್ರತಿಯೇ ಸಂಸತ್ತಿನಲ್ಲಿ ನೈಟ್ರೋಜನ್ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲಿದೆ. ಪುಟ ತಿರುವಿ ನೋಡಬೇಕೆಂದರೆ ಡೆಹ್ರಾಡೂನಿನಲ್ಲಿ ಅಚ್ಚಾದ ಪ್ರತಿಗಳೇ ಗತಿ. ನಾವೂ ಮೂಲಗಳನ್ನು ಸರದಿಯ ಮೇಲೆ ಇಟ್ಟು, ಮಿಕ್ಕಿದ್ದಕ್ಕೆ ನಕಲು ಇಟ್ಟೆವು.

ಜನ ಹೆಚ್ಚು ಹೊತ್ತು ನಿಂತದ್ದು ಮಾತ್ರ ನಕಲಿನ ಮುಂದೆ! ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಸೇರುತ್ತದೆ ಎಂದು ಹೇಳುವ, 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 7ನೇ ಕಲಮು ಅದು. ಕಾಸರಗೋಡು ಬಿಟ್ಟು ದಕ್ಷಿಣ ಕನ್ನಡ, ಚಂದಗಡ ಬಿಟ್ಟು ಬೆಳಗಾವಿ, ಆಲಂಪುರ ಗದ್ವಾಲ ಬಿಟ್ಟು ರಾಯಚೂರು, ಕೊಯಮತ್ತೂರು ಜಿಲ್ಲೆಯಿಂದ ಬಂದ ಕೊಳ್ಳೇಗಾಲ, ಮತ್ತೆ ಕೊಡಗು. ಈ ಒಣ ಪಟ್ಟಿಯಲ್ಲಿ ತಮ್ಮ ತಾಲ್ಲೂಕು ಹುಡುಕದೆ ಮುಂದೆ ಹೋದವರು ಕಡಿಮೆ.

ಕಟ್ಟುಗಳನ್ನು ನಂಬಿ ಕೊಟ್ಟ ಮನೆತನದವರಿಗೆ: ಒಣಗಿದವು ಪುಟದ ಎಣಿಕೆ ಮತ್ತು ಮೊದಲಿನ ಫೋಟೊಗಳ ಸಮೇತ ನಿಮಗೆ ಮರಳುತ್ತಿವೆ. ಫ್ರೀಜರಿನಲ್ಲಿ ಉಳಿದವು ಅಕ್ಕೋರ ಕೈಯಲ್ಲಿ ಒಂದೊಂದಾಗಿ ಒಣಗುತ್ತವೆ, ತಡವಾಗುತ್ತದೆ. ಮರಳಿ ಬಂದವನ್ನು ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಪತ್ರಾಗಾರಕ್ಕೆ ಕೊಡುವ ಮನಸ್ಸಿದ್ದವರು ತಿಳಿಸಿ, ದಾನಪತ್ರದ ಕರಡನ್ನು ವಕೀಲರು ಮಾಡಿಟ್ಟಿದ್ದಾರೆ.