ಶನಿವಾರ ತೋರಿಸಲಿರುವ ಮಾಲ್ಡೀವ್ಸ್ ಸಾಕ್ಷ್ಯಚಿತ್ರದ ಕುರಿತು

ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳ ಪೋಷಕರಿಗೆ ನಮಸ್ಕಾರಗಳು.

ಬರುವ ಶನಿವಾರ ಬೆಳಗಿನ ತರಗತಿಯ ವೇಳೆಯಲ್ಲಿ ಶಾಲೆಯ ಸಭಾಂಗಣದಲ್ಲಿ ‘ದಿ ಐಲ್ಯಾಂಡ್ ಪ್ರೆಸಿಡೆಂಟ್’ ಎಂಬ ಸಾಕ್ಷ್ಯಚಿತ್ರವನ್ನು ಮಕ್ಕಳಿಗೆ ತೋರಿಸುತ್ತೇವೆ. ಭೂಮಿ ಬಿಸಿಯಾಗಿ ಕಡಲ ಮಟ್ಟ ಏರುವುದರಿಂದ ಅಪಾಯದಲ್ಲಿರುವ ಮಾಲ್ಡೀವ್ಸ್ ಎಂಬ ದ್ವೀಪದೇಶದ ಕಥೆ ಅದು. 2011ರಲ್ಲಿ ಬಂದ ಚಿತ್ರ, ಸುಮಾರು ಒಂದೂಮುಕ್ಕಾಲು ಗಂಟೆಯದು. ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಸಮಾಜ ವಿಜ್ಞಾನದ ಶಿಕ್ಷಕರು ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ವಿವರಿಸುತ್ತಾರೆ. ಹೀಗಾಗಿ ಅಂದು ಶಾಲೆ ಬಿಡುವುದು ಮುಕ್ಕಾಲು ಗಂಟೆ ತಡ. ವ್ಯಾನಿನವರಿಗೆ ನಾವೇ ತಿಳಿಸಿದ್ದೇವೆ.

ಸುದ್ದಿ ತಿಳಿದ ಮೇಲೆ ಇಬ್ಬರು ಪೋಷಕರು ಬಂದು ಮಾತನಾಡಿದರು. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಒಬ್ಬರು ಕೇಳಿದರು. ಬರುವುದಿಲ್ಲ. ದೇಶವೇ ಮುಳುಗುತ್ತದೆ ಎಂದು ತೋರಿಸಿ ಮಕ್ಕಳನ್ನು ಯಾಕೆ ಹೆದರಿಸಬೇಕು ಎಂಬುದು ಇನ್ನೊಬ್ಬರ ಆತಂಕ. ಅವರಿಗೆ ನಿಂತಲ್ಲೇ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ, ಆದ್ದರಿಂದ ಈ ಪತ್ರ.

ಮಾಲ್ಡೀವ್ಸಿನಲ್ಲಿ ಸುಮಾರು 1,200 ಹವಳ ದ್ವೀಪಗಳಿವೆ, ಜನ ವಾಸಿಸುವುದು ಇನ್ನೂರರಷ್ಟರಲ್ಲಿ. ಅಲ್ಲಿನ ಬಹುಪಾಲು ನೆಲ ಸಮುದ್ರ ಮಟ್ಟದಿಂದ ಒಂದು ಮೀಟರ್ ಕೂಡ ಎತ್ತರವಿಲ್ಲ, ಎಂದರೆ ನಮ್ಮ ತರಗತಿಯ ಕಪ್ಪುಹಲಗೆಯ ಕೆಳ ಅಂಚಿನಷ್ಟು. ಆದರೆ ದ್ವೀಪವೊಂದು ಪಾತ್ರೆಯಂತೆ ಒಮ್ಮೆಲೇ ಮುಳುಗುವುದಿಲ್ಲ. ಅದಕ್ಕೂ ಬಹಳ ಮೊದಲೇ ಬಾವಿ ಉಪ್ಪಾಗುತ್ತದೆ. ಬಿಸಿಯಾದ ಕಡಲಿನಲ್ಲಿ ಹವಳ ಬಿಳಿಚಿ ಸಾಯುತ್ತದೆ, 1998ರಲ್ಲಿ ಅಲ್ಲಿ ಆದದ್ದು ಅದೇ. ಅಲೆಯ ಹೊಡೆತ ತಡೆಯುವುದೂ ಆ ಹವಳದ ದಿಬ್ಬವೇ. ರಾಜಧಾನಿ ಮಾಲೆಯವರು ಸಮುದ್ರದ ನೀರನ್ನೇ ಸಿಹಿ ಮಾಡಿಕೊಂಡು ಕುಡಿಯುತ್ತಾರೆ. 2014ರ ಡಿಸೆಂಬರಿನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ನಮ್ಮ ದೇಶ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳುಹಿಸಿತು. ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾಗುವುದನ್ನೂ ಮಳೆಗಾಲದಲ್ಲಿ ಕಡಲ್ಕೊರೆತವನ್ನೂ ಕಂಡ ನಮ್ಮ ಮಕ್ಕಳಿಗೆ ಇದನ್ನು ಹೊಸದಾಗಿ ಹೇಳಿ ಹೆದರಿಸಬೇಕಾಗಿಲ್ಲ.

ಚಿತ್ರದಲ್ಲಿ ಹೆಚ್ಚು ಹೊತ್ತು ಕಾಣುವುದು ಒಬ್ಬ ಮನುಷ್ಯನ ಓಡಾಟ. 2008ರಲ್ಲಿ ಅಧ್ಯಕ್ಷರಾದ ಮೊಹಮ್ಮದ್ ನಶೀದ್ ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೋಗಿ ದೊಡ್ಡ ದೇಶಗಳ ಬಾಗಿಲು ತಟ್ಟುತ್ತಾರೆ. ತಮ್ಮ ದೇಶವನ್ನೇ ಹತ್ತು ವರ್ಷಗಳಲ್ಲಿ, ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಹೊಗೆಯ ಹೊರೆಯಿಂದ ಬಿಡಿಸುತ್ತೇನೆ ಎಂದು ಮಾತು ಕೊಟ್ಟಿದ್ದವರು ಅವರು. ಅದು ನಡೆಯಲಿಲ್ಲ. ವಿಮಾನದಲ್ಲಿ ಬಂದಿಳಿಯುವ ಪ್ರವಾಸಿಗರಿಂದಲೇ ಬದುಕುವ ನಾಡು ಅದು, ಇದನ್ನೂ ಮಕ್ಕಳಿಗೆ ಹೇಳುತ್ತೇವೆ. 2009ರ ಅಕ್ಟೋಬರಿನಲ್ಲಿ ಸಚಿವರೊಂದಿಗೆ ಉಸಿರಾಟದ ಸಾಧನ ಕಟ್ಟಿಕೊಂಡು ಸಮುದ್ರದ ತಳದಲ್ಲಿ ಸಂಪುಟ ಸಭೆ ನಡೆಸಿದವರೂ ಅವರೇ. ಅಲ್ಲಿ ಯಾರಿಗೂ ಬಾಯಿ ತೆರೆಯುವ ಹಾಗಿರಲಿಲ್ಲ. ಅಷ್ಟು ಶಿಸ್ತಿನ ಸಭೆಯನ್ನು ನಮ್ಮ ಶಾಲೆಯಲ್ಲಿ ನಾನು ಇನ್ನೂ ಕಂಡಿಲ್ಲ.

ಕಥೆ ಹೋಗಿ ಸೇರುವುದು ಆ ವರ್ಷದ ಡಿಸೆಂಬರಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶಕ್ಕೆ. ಭೂಮಿಯ ಬಿಸಿ ಒಂದೂವರೆ ಡಿಗ್ರಿ ಏರುವುದರೊಳಗೆ ನಿಲ್ಲಬೇಕೆಂದು ದ್ವೀಪದವರು ಕೇಳಿದರು; ಕೊನೆಗೆ ಕಾಗದದ ಮೇಲೆ ಉಳಿದದ್ದು ಎರಡು ಡಿಗ್ರಿ. ಅಲ್ಲಿ ನಮ್ಮ ದೇಶ ಚೀನಾದ ಜೊತೆ ಇನ್ನೊಂದು ಬದಿಯಲ್ಲಿ ಕುಳಿತಿತ್ತು. ಇಷ್ಟು ಕಾಲ ಹೊಗೆ ಬಿಟ್ಟವರು ಸಿರಿವಂತ ದೇಶಗಳು, ನಮ್ಮ ಬಡವರ ಮನೆಗೆ ವಿದ್ಯುತ್ ಬರುವ ಹೊತ್ತಿಗೆ ಕಡಿವಾಣವೇ ಎಂಬುದು ನಮ್ಮ ವಾದ. ಅದರಲ್ಲೂ ಹುರುಳಿದೆ. ಶಿಕ್ಷಕರೆಲ್ಲ ಕುಳಿತು ಮೊದಲೇ ಚಿತ್ರ ನೋಡಿದ ದಿನ ಗಣಿತದ ಮೇಷ್ಟರೂ ವಿಜ್ಞಾನದ ಟೀಚರೂ ಇದೇ ಮಾತಿಗೆ ಬುತ್ತಿ ಬಿಚ್ಚದೆ ವಾದಿಸಿದರು.

ನನ್ನ ಕೋರಿಕೆ ಇಲ್ಲಿದೆ. ಅಂದು ಸಂಜೆ ಮಕ್ಕಳು ‘ಯಾರ ಮಾತು ಸರಿ?’ ಎಂದು ನಿಮ್ಮನ್ನು ಕೇಳುತ್ತಾರೆ. ನಾವು ಉತ್ತರ ಹೇಳಿ ಕಳುಹಿಸಿರುವುದಿಲ್ಲ. ನೀವೂ ಒಂದೇ ಮಾತಿನಲ್ಲಿ ಮುಗಿಸಿಬಿಡಬೇಡಿ. ಸೋಮವಾರ ತರಗತಿಯಲ್ಲಿ ಚರ್ಚೆ ಇಟ್ಟಿದ್ದೇವೆ, ಎರಡೂ ಕಡೆ ವಾದಿಸುವವರು ಬೇಕು. ಇನ್ನೊಂದು ವಿಷಯ: 2004ರ ಸುನಾಮಿಯನ್ನೂ ಮಕ್ಕಳು ಇದರೊಂದಿಗೆ ಕಲೆಸಿಬಿಡುತ್ತಾರೆ. ಅದು ಭೂಕಂಪದಿಂದ ಬಂದದ್ದು, ದಯವಿಟ್ಟು ತಿದ್ದಿ.

ಹಿಂದಿನ ಆಡಳಿತದಲ್ಲಿ ನಶೀದ್ ಸೆರೆಮನೆಯಲ್ಲಿ ಅನುಭವಿಸಿದ ಹಿಂಸೆಯ ಪ್ರಸ್ತಾಪವೂ ಚಿತ್ರದಲ್ಲಿದೆ. ಎಂಟನೇ ತರಗತಿಯನ್ನು ಬಿಟ್ಟದ್ದು ಇದೇ ಕಾರಣಕ್ಕೆ. ಬೇಡವೆನಿಸಿದವರು ಒಪ್ಪಿಗೆ ಚೀಟಿಯಲ್ಲಿ ಹಾಗೆಂದು ಬರೆದು ಗುರುವಾರದೊಳಗೆ ಕಳುಹಿಸಿ, ಆ ಮಕ್ಕಳಿಗೆ ಗ್ರಂಥಾಲಯ ತೆರೆದಿರುತ್ತದೆ. ಕಾರಣ ಬರೆಯಬೇಕಾಗಿಲ್ಲ.

ಮಾಲ್ಡೀವ್ಸ್ ನಮಗೆ ದೂರದ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಅದೇ ದ್ವೀಪಸಾಲಿನ ಉತ್ತರದ ತುದಿಯಲ್ಲಿ ಲಕ್ಷದ್ವೀಪವಿದೆ. ಅದರ ಮಿನಿಕಾಯ್ ದ್ವೀಪದವರು ಆಡುವುದು ಮಾಲ್ಡೀವ್ಸಿನ ನುಡಿಯನ್ನೇ. ಲಕ್ಷದ್ವೀಪದ್ದೇ ಆದ ಅಮಿನಿದಿವಿ ದ್ವೀಪಗಳಂತೂ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಯಲ್ಲಿ ಸರಕು ಹೇರಿಕೊಂಡು ಆ ದ್ವೀಪಗಳಿಗೆ ಹೋಗಿ ಬಂದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಶನಿವಾರ ಅವರನ್ನೂ ಕಳುಹಿಸಿಕೊಡಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ